ತೆರೆಯ ಮೇಲಿನವರ ಹೊಟ್ಟೆಪಾಡು

(ಹಾವೇರಿಯಲ್ಲಿ ಓದುಗ ಗೆಳೆಯರು ಸೇರಿದ್ದ ಸಂಜೆಯ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಒಂದು ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಹಿರಿಯರೆ, ತಾಯಂದಿರೆ, ಗೆಳೆಯರೆ,

ಸಿನಿಮಾ ಮತ್ತು ಟಿ.ವಿ. ಧಾರಾವಾಹಿಗಳ ಬಗ್ಗೆ ಮನಸ್ಸಿಗೆ ತೋಚಿದ್ದನ್ನು ಮಾತನಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ವಿಮರ್ಶಕನಲ್ಲ, ಸಿನಿಮಾ ಮಾಡುವವರ ಪರಿಚಯವೂ ನನಗಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಅಡತ (ದಲಾಲಿ) ಅಂಗಡಿಯೊಂದರಲ್ಲಿ ದಿವಾನಜಿಯಾಗಿ ಕಿರ್ದಿ, ಖಾತೆ ಬರೆದು ಸಂಸಾರ ಸಾಗಿಸಿದವನು ನಾನು. ಸಂಜೆ ಅಂಗಡಿ ಮುಚ್ಚಿದ ಮೇಲೆ ಊರ ಟಾಕೀಸಿನಲ್ಲಿ ಯಾವ ಚಿತ್ರ ಹತ್ತಿದ್ದರೆ ಅದನ್ನು ನೋಡುತ್ತಿದ್ದೆ. ವಸೂಲಿಗೆಂದು ಹುಬ್ಬಳ್ಳಿಗೆ ಹೋದರೆ, ಕೆಲಸ ಬೇಗ ಮುಗಿದ ದಿನ, ಅಪ್ಸರಾ ಅಥವಾ ಸುಜಾತಾ ಚಿತ್ರಮಂದಿರದಲ್ಲಿ ಮ್ಯಾಟಿನಿ ನೋಡಿಕೊಂಡು ಸಂಜೆಯ ಬಸ್ಸು ಹಿಡಿಯುತ್ತಿದ್ದೆ. ಈಗ ಮನೆಯಲ್ಲಿ ಟಿ.ವಿ. ಇದೆ, ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅವರು ಹಾಕಿದ್ದನ್ನು ನೋಡುತ್ತೇನೆ.

ಹೀಗೆ ಆಯ್ಕೆಯಿಲ್ಲದೆ ನೋಡುವವನಿಗೂ ತನ್ನದೇ ಒಂದು ಅಳತೆಗೋಲು ಬೆಳೆದಿರುತ್ತದೆ. ನನ್ನದು ವೃತ್ತಿಯಿಂದ ಬಂದದ್ದು. ತೆರೆಯ ಮೇಲೆ ಒಬ್ಬ ಮನುಷ್ಯ ಕಾಣಿಸಿಕೊಂಡ ಕೂಡಲೇ ನನಗೆ ಮೂಡುವ ಮೊದಲ ಪ್ರಶ್ನೆ, ಇವನ ಹೊಟ್ಟೆಪಾಡು ಏನು ಎಂಬುದು. ಇವನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ, ಯಾರ ಕೈಯಿಂದ ದುಡ್ಡು ಎಣಿಸಿಕೊಳ್ಳುತ್ತಾನೆ, ತಿಂಗಳ ಕೊನೆಗೆ ಕಿರಾಣಿ ಅಂಗಡಿಯ ಉದ್ರಿಯನ್ನು ಹೇಗೆ ತೀರಿಸುತ್ತಾನೆ? ಕಥೆ ಇದಕ್ಕೆ ನೇರ ಉತ್ತರ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಕಥೆ ಕಟ್ಟಿದವರಿಗೆ ಉತ್ತರ ಗೊತ್ತಿದ್ದರೆ ಸಾಕು, ಅದು ನಟನ ಕೈಯಲ್ಲಿ, ಅಂಗಿಯ ಕಾಲರಿನಲ್ಲಿ, ಕುಳಿತುಕೊಳ್ಳುವ ರೀತಿಯಲ್ಲಿ ತಾನಾಗಿ ಕಾಣಿಸುತ್ತದೆ. ಅವರಿಗೇ ಗೊತ್ತಿಲ್ಲದಿದ್ದರೆ ಎಷ್ಟು ದೊಡ್ಡ ನಟನಾದರೂ ಆ ಪಾತ್ರ ನನಗೆ ಆಳುದ್ದದ ಚಿತ್ರಪಟವಾಗಿಯೇ ಉಳಿಯುತ್ತದೆ.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ನಮ್ಮ ಪೇಟೆಯಲ್ಲಿ ಹಮಾಲರು ಚೀಲ ಹೊರುವುದನ್ನು ಇಲ್ಲಿರುವ ಬಹಳ ಮಂದಿ ನೋಡಿದ್ದೀರಿ. ಕೊಕ್ಕೆ ಚೀಲದ ಮೂಲೆಗೆ ಬೀಳುತ್ತದೆ. ಎದುರಿಗೊಬ್ಬ, ಪಕ್ಕಕ್ಕೊಬ್ಬ ಕೈ ಕೊಡುತ್ತಾರೆ. ಹೊರುವವನು ಮೊದಲು ಮೊಣಕಾಲು ಮಡಿಸಿ ತನ್ನ ಬೆನ್ನನ್ನು ಚೀಲದ ಕೆಳಗೆ ತರುತ್ತಾನೆ. ಚೀಲ ಬೆನ್ನಿಗೆ ಕೂತ ಮೇಲೆ ಕುತ್ತಿಗೆ ಮುಂದಕ್ಕೆ ಚಾಚಿ, ಕಣ್ಣು ನೆಲ ನೋಡುತ್ತ, ಸಣ್ಣ ಹೆಜ್ಜೆಗಳ ಓಟದಲ್ಲಿ ಲಾರಿಯ ಹಲಗೆ ಹತ್ತುತ್ತಾನೆ. ಆ ಓಟ ಅವಸರದ್ದಲ್ಲ, ನಿಂತರೆ ಭಾರ ಹೆಚ್ಚಾಗುತ್ತದೆಂಬ ಲೆಕ್ಕದ್ದು. ಮೆಣಸಿನಕಾಯಿಯಾದರೆ ಘಾಟಿಗೆ ಮೂಗಿನ ಮೇಲೆ ಟವೆಲ್ ಬೇರೆ. ಸಿನಿಮಾದ ಹಮಾಲ ನಾಯಕನಾಗಿದ್ದರೆ ಅವನು ಎರಡೂ ಕೈಯಿಂದ ಚೀಲವನ್ನು ನೇರ ತಲೆಯ ಮೇಲಕ್ಕೆ ಎತ್ತುತ್ತಾನೆ, ಬೆನ್ನು ಬಾಗುವುದಿಲ್ಲ, ಎತ್ತಿದ ಚೀಲ ಗಾಳಿಗೆ ತೊನೆಯುತ್ತದೆ. ಒಳಗೆ ಹೊಟ್ಟು ತುಂಬಿದ್ದಾರೆಂದು ನಮ್ಮ ಪೇಟೆಯ ಸಣ್ಣ ಹುಡುಗನೂ ಹೇಳಿಯಾನು. ಅಲ್ಲಿಂದ ಮುಂದೆ ಆ ನಾಯಕ ಬಡವರ ಪರವಾಗಿ ಎಷ್ಟೇ ಮಾತನಾಡಲಿ, ನನ್ನ ಕಿವಿಗೆ ಹೋಗುವುದಿಲ್ಲ.

ಕನ್ನಡದ ಜನಪ್ರಿಯ ಸಿನಿಮಾಕ್ಕೆ ಕೆಲಸವನ್ನು ತೋರಿಸುವ ಕಲೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆ ಓಟಕ್ಕೆ ರಾಜಕುಮಾರ್ ಅವರ ಜನಪ್ರಿಯತೆಯೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಅಕ್ಕನ ಮನೆಯ ಕಷ್ಟಕ್ಕೆ ಹೆಗಲು ಕೊಡಲು ಬಂದ ರಾಜೀವ ಪಾಳು ನೆಲವನ್ನು ಹಿಡಿದು ಬೇಸಾಯಕ್ಕೆ ಇಳಿಯುತ್ತಾನೆ. ಬಂಡೆ ಒಡೆಯುವುದು, ನೆಲ ಹದ ಮಾಡುವುದು ಆ ಚಿತ್ರದಲ್ಲಿ ಹಾಡಿನ ಹಿನ್ನೆಲೆಯಷ್ಟೇ ಅಲ್ಲ, ಕಥೆಯ ನಡುಗಂಬ. ಹಳ್ಳಿಯಿಂದ ಪಟ್ಟಣಕ್ಕೆ ಜನ ಗುಳೆ ಹೊರಟಿದ್ದ ಕಾಲದಲ್ಲಿ ಒಬ್ಬ ನಾಯಕ ಎದುರು ದಿಕ್ಕಿಗೆ ನಡೆದು, ನಡೆದಲ್ಲಿ ಕೆಲಸ ಮಾಡಿ ತೋರಿಸಿದ್ದು ಜನರಿಗೆ ಹಿಡಿಸಿತು. ಕೊನೆಗೆ ಅವನು ತಾನು ಗಳಿಸಿದ್ದನ್ನೆಲ್ಲ ಬಿಟ್ಟು ಹೊರಟುಹೋಗುವುದು ಮಾತ್ರ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಹೊಲ ಮಾಡಿದವನು ಹೊಲವನ್ನು ಹಾಗೆ ಬಿಟ್ಟುಹೋಗಲಾರ. ಆದರೆ ಅಷ್ಟು ಹೊತ್ತಿಗೆ ಚಿತ್ರಮಂದಿರದಲ್ಲಿ ಅಳದೆ ಕೂತವರು ಯಾರೂ ಇರುತ್ತಿರಲಿಲ್ಲವಾದ್ದರಿಂದ ಈ ವಾದವನ್ನು ಯಾರ ಮುಂದೆಯೂ ಹೂಡಲಾಗಲಿಲ್ಲ.

ಆ ಚಿತ್ರದ ನಿರ್ದೇಶಕ ಸಿದ್ದಲಿಂಗಯ್ಯನವರು ಎರಡು ವರ್ಷ ಬಿಟ್ಟು ಮಾಡಿದ 'ಭೂತಯ್ಯನ ಮಗ ಅಯ್ಯು' ನನಗೆ ಇನ್ನೂ ಹತ್ತಿರ. ಗೊರೂರರ ಕಥೆ. ಅಲ್ಲಿ ಜಗಳದ ಬೇರು ಸಾಲದಲ್ಲಿದೆ, ಕಾಗದಪತ್ರದಲ್ಲಿದೆ. ಎಂ.ಪಿ. ಶಂಕರ್ ಮಾಡಿದ ಭೂತಯ್ಯ ಬರಿಯ ದುಷ್ಟನಲ್ಲ, ಊರ ಜನರ ಅಡಚಣೆಯನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡ ವ್ಯವಹಾರಸ್ಥ. ಲೇವಾದೇವಿಯ ಪೇಟೆಯಲ್ಲಿ ಬದುಕಿದ ನನಗೆ ಅಂಥವರ ಪರಿಚಯವಿತ್ತು. ಅವರು ಎಂದೂ ಕೂಗಾಡುವುದಿಲ್ಲ, ಕಾಗದ ತೆಗೆದು ಮುಂದಿಡುತ್ತಾರೆ, ಅಷ್ಟೆ. ಇದೇ ಚಿತ್ರದ ಉಪ್ಪಿನಕಾಯಿಯ ಪ್ರಸಂಗದಿಂದ ಲೋಕನಾಥ್ ಅವರಿಗೆ ಬಂದ ಹೆಸರು ಅವರ ಜೀವಮಾನವಿಡೀ ಉಳಿಯಿತು. ಮೆಣಸಿನಕಾಯಿಯ ಊರಿನವನಾಗಿ ಆ ಪ್ರಸಂಗಕ್ಕೆ ನಾನು ಯಾವ ತಕರಾರನ್ನೂ ತೆಗೆಯುವುದಿಲ್ಲ.

ಇನ್ನು ನನ್ನ ವೃತ್ತಿಯವರೆಲ್ಲ ನೋಡಲೇಬೇಕಾದ ಚಿತ್ರ 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ ಮಾಡಿದ್ದು; 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸ್ವರ್ಣಕಮಲವೂ, ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದವು. ಪುರಸಭೆಯ ಜವಾನ, ಬ್ರಿಟಿಷರ ಕಾಲದಿಂದ ನಿಷ್ಠೆಯಿಂದ ದುಡಿದವನು, ನಿವೃತ್ತನಾಗುತ್ತಾನೆ. ಅವನ ಲೆಕ್ಕದಲ್ಲಿ ಹಳೆಯ ಬಾಕಿ ಕಾಣಿಸಿದ್ದರಿಂದ ಪಿಂಚಣಿ ತಡೆಹಿಡಿದಿದೆ. ಇತ್ತ ಹೆಂಡತಿ ಅಪ್ಪಿಯ ಕಾಲಿನ ಹುಣ್ಣು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ. ಈ ಚಿತ್ರದ ಬಗ್ಗೆ ಬರೆದವರು ಸಾಮಾನ್ಯವಾಗಿ ವ್ಯವಸ್ಥೆಯ ಕ್ರೌರ್ಯದ ಬಗ್ಗೆ ಬರೆಯುತ್ತಾರೆ. ನನಗೆ ಕಂಡದ್ದು ಇನ್ನೂ ಸಣ್ಣ ಸಂಗತಿ. ತಬರನಿಗೆ ಎದುರಾಗುವ ಗುಮಾಸ್ತರಲ್ಲಿ ಯಾರೂ ರಾಕ್ಷಸರಲ್ಲ. ಪ್ರತಿಯೊಬ್ಬನೂ ತನ್ನ ಮೇಜಿನ ಮಟ್ಟಿಗೆ ಸರಿಯಾಗಿಯೇ ಇದ್ದಾನೆ: ಬಾಕಿ ಇದ್ದರೆ ಇತ್ಯರ್ಥವಾಗಬೇಕು, ಇತ್ಯರ್ಥವಾಗದೆ ಕಡತ ಮುಂದೆ ಹೋಗಬಾರದು. ಲೆಕ್ಕ ಬರೆಯುವವನಾಗಿ ನಾನೂ ಅದನ್ನೇ ಮಾಡುತ್ತಿದ್ದೆ. ಒಂದು ಪೈಸೆ ತಾಳೆಯಾಗದಿದ್ದರೆ ರಾತ್ರಿಯವರೆಗೆ ಕೂತು ಹುಡುಕುವುದು ನಮ್ಮ ಕಸುಬಿನ ಹೆಮ್ಮೆ. ಆ ಹೆಮ್ಮೆ ಎಲ್ಲಿ ಒಬ್ಬ ಮುದುಕಿಯ ಕಾಲನ್ನು ತಿನ್ನಲು ತೊಡಗುತ್ತದೆ ಎಂಬುದನ್ನು ಕಾಸರವಳ್ಳಿಯವರು ಧ್ವನಿ ಏರಿಸದೆ ತೋರಿಸಿದ್ದಾರೆ. ಚಾರುಹಾಸನ್ ತಮಿಳಿನ ನಟರಾದರೂ ಜವಾನನೊಬ್ಬ ಕಚೇರಿಯ ಬಾಗಿಲಲ್ಲಿ ನಿಲ್ಲುವ ರೀತಿ, ಅಂದರೆ ಪೂರ್ತಿ ಒಳಗೂ ಬಾರದ ಪೂರ್ತಿ ಹೊರಗೂ ಉಳಿಯದ ಆ ನಿಲುವು, ಅವರಿಗೆ ಹೇಗೆ ಒಲಿಯಿತೋ ನನಗೆ ಇಂದಿಗೂ ಆಶ್ಚರ್ಯ.

ಕಾಸರವಳ್ಳಿಯವರ ಚಿತ್ರಗಳು ನಿಧಾನ ಎಂಬ ದೂರು ಸಾಮಾನ್ಯ. ನನ್ನ ಮಟ್ಟಿಗೆ ಆ ನಿಧಾನ ಕೆಲಸದ ನಿಧಾನ. 'ಗುಲಾಬಿ ಟಾಕೀಸ್' ಚಿತ್ರದ ಗುಲಾಬಿ ಸೂಲಗಿತ್ತಿ. ಅವಳಿಗೆ ಸಿನಿಮಾದ ಹುಚ್ಚು ಎಷ್ಟೆಂದರೆ ಹೆರಿಗೆಗೆ ಒಪ್ಪಿಸಲು ಬಣ್ಣದ ಟಿ.ವಿ.ಯ ಆಸೆ ತೋರಿಸಬೇಕಾಗುತ್ತದೆ. ಟಿ.ವಿ. ಮನೆಗೆ ಬಂದದ್ದೇ ಕೇರಿಯ ಹೆಂಗಸರು ಜಾತಿ ಮತ ಬದಿಗಿಟ್ಟು ಅವಳ ಗುಡಿಸಿಲಿಗೆ ಬರತೊಡಗುತ್ತಾರೆ, ಕೆಲವರು ಒಳಗೆ, ಕೆಲವರು ಹೊಸಿಲಾಚೆ. ಹೊರಗೆ ಮೀನುಗಾರಿಕೆಯ ಪೈಪೋಟಿ, ಸಾಲದ ದೋಣಿಗಳು, ಕಾರ್ಗಿಲ್ ಕಾಲದ ಸಂಶಯಗಳು. ವೈದೇಹಿಯವರ ಕಥೆಯನ್ನು ಹಿಗ್ಗಿಸಿ ಕಟ್ಟಿದ ಈ ಚಿತ್ರಕ್ಕಾಗಿ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಟಿ.ವಿ. ಎಂಬ ವಸ್ತು ನಮ್ಮ ಜನರ ನಡುವೆ ಏನು ಮಾಡಿತು ಎಂಬುದರ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಚಿತ್ರವನ್ನು ನಾನು ನೋಡಿಲ್ಲ.

ಕುಂ. ವೀರಭದ್ರಪ್ಪನವರ ಕಥೆಯಿಂದ ಕಾಸರವಳ್ಳಿಯವರೇ ಮಾಡಿದ 'ಕೂರ್ಮಾವತಾರ'ವೂ ಟಿ.ವಿ.ಯ ಸುತ್ತಲೇ ಇದೆ. ನಿವೃತ್ತಿಯ ಅಂಚಿನಲ್ಲಿರುವ ಸರ್ಕಾರಿ ನೌಕರನೊಬ್ಬ ಗಾಂಧಿಯ ಹೋಲಿಕೆ ಇದೆಯೆಂಬ ಕಾರಣಕ್ಕೆ ಧಾರಾವಾಹಿಯಲ್ಲಿ ಗಾಂಧಿಯ ಪಾತ್ರ ಮಾಡಬೇಕಾಗುತ್ತದೆ. ಜನ ಅವನನ್ನೇ ಗಾಂಧಿಯೆಂದು ಕಾಣತೊಡಗಿದಾಗ ಅವನ ಮನೆ, ಕಚೇರಿ ಎರಡೂ ಅಡಿಮೇಲಾಗುತ್ತವೆ. ಅದರಲ್ಲಿಯೂ ನಾನು ಮೆಚ್ಚಿದ್ದು ಗಾಂಧಿಯಾಗುವುದಕ್ಕೆ ಮುಂಚಿನ ಮನುಷ್ಯನನ್ನು. ಯಾರ ತಂಟೆಗೂ ಹೋಗದ, ಯಾರಿಗೂ ಬೇಕಿಲ್ಲದ ಹೆಡ್ ಕ್ಲಾರ್ಕ್. ಅಮರೇಶ ನುಗಡೋಣಿಯವರ ಕಥೆಯಿಂದ ಬಂದ 'ಕನಸೆಂಬೋ ಕುದುರೆಯನೇರಿ' ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಹೆಣದ ಕುಣಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಒಂದು ಸಾವು ನಿಶ್ಚಿತ. ಸಾವಿದ್ದರೆ ಅವನಿಗೆ ಕೆಲಸ, ಕೆಲಸವಿದ್ದರೆ ಊಟ. ಒಂದು ಸಲ ಗೌಡರ ಮನೆಯವರು ತಮ್ಮ ಅನುಕೂಲಕ್ಕಾಗಿ ಸಾವನ್ನೇ ಮುಚ್ಚಿಡುತ್ತಾರೆ, ಈರ್ಯಾನ ಕನಸು ಸುಳ್ಳಾಗುತ್ತದೆ. ಹಾಸ್ಯಪಾತ್ರಗಳಲ್ಲಷ್ಟೇ ನಾವು ನಗುತ್ತ ನೋಡಿದ್ದ ವೈಜನಾಥ ಬಿರಾದಾರ ಅವರು ಈ ಪಾತ್ರದಲ್ಲಿ ಹಿಡಿದ ಸಲಿಕೆ ಹೊಟ್ಟು ತುಂಬಿದ ಚೀಲದಂಥದ್ದಲ್ಲ. ನೆಲ ಗಟ್ಟಿಯಿದೆ ಎಂಬುದು ಅವರ ತೋಳಿನಿಂದಲೇ ನಮಗೆ ತಿಳಿಯುತ್ತದೆ.

ನಮ್ಮ ಜಿಲ್ಲೆಯ, ಪಕ್ಕದ ಜಿಲ್ಲೆಯ ಮಹನೀಯರ ಮೇಲೆ ಬಂದ ಚಿತ್ರಗಳ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಇಲ್ಲಿರುವ ಹಿರಿಯರು ನನ್ನನ್ನು ಬಿಡುವುದಿಲ್ಲ. ಬಾಡ ಗ್ರಾಮದ ಕನಕದಾಸರಾಗಿ ರಾಜಕುಮಾರ್ 1960ರಲ್ಲೇ ತೆರೆಗೆ ಬಂದರು. ಆ ಚಿತ್ರದಲ್ಲಿ ನನಗೆ ಉಳಿದಿರುವುದು ಪಿ.ಬಿ. ಶ್ರೀನಿವಾಸರ ಧ್ವನಿ, ಇನ್ನೇನೂ ಅಲ್ಲ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಷರೀಫರ ಮೇಲೆ ನಾಗಾಭರಣ 1990ರಲ್ಲಿ ಮಾಡಿದ ಚಿತ್ರದಲ್ಲಿ ಶ್ರೀಧರ್ ಷರೀಫರಾಗಿ, ಗಿರೀಶ ಕಾರ್ನಾಡ ಗೋವಿಂದ ಭಟ್ಟರಾಗಿ ನಟಿಸಿದ್ದರು, ಸಿ. ಅಶ್ವತ್ಥ್ ಸಂಗೀತ. ಷರೀಫರು ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿ ಬಿಟ್ಟವರು. ಬಿಟ್ಟ ಮೇಲೆ ಮನೆ ಹೇಗೆ ನಡೆಯಿತು ಎಂಬುದನ್ನು ಸಂತರ ಚಿತ್ರಗಳು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. ಈ ಚಿತ್ರಕ್ಕೂ ಹಾಡಿನ ಕಡೆಗೇ ಒಲವು ಹೆಚ್ಚು, ಆದರೆ ಹಾಡುಗಳು ಅಷ್ಟು ಚೆನ್ನಾಗಿರುವಾಗ ನಾನೂ ಒತ್ತಾಯಿಸಲಾರೆ. ಗದಗಿನ ಪಂಚಾಕ್ಷರ ಗವಾಯಿಗಳ ಮೇಲಿನ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರ ಸಂಗೀತಕ್ಕೆ ಹಂಸಲೇಖ ಅವರಿಗೂ, ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಹಾನಗಲ್ ತಾಲೂಕಿನಲ್ಲಿ ಹುಟ್ಟಿ, ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ನಾಡಿನ ಅಂಧ ಮಕ್ಕಳಿಗೆ ಸಂಗೀತವನ್ನೇ ಅನ್ನದ ದಾರಿಯಾಗಿ ಕಲಿಸಿದವರ ಕಥೆ ಅದು. ಸಂಗೀತ ಅಲ್ಲಿ ಅಲಂಕಾರವಲ್ಲ, ಉದ್ಯೋಗ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಬಂದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಈಗ ನನ್ನ ಅಳತೆಗೋಲಿಗೆ ಸಿಗದ ಚಿತ್ರದ ಮಾತು. 2006ರ ಡಿಸೆಂಬರ್ ಕೊನೆಗೆ ಬಂದ 'ಮುಂಗಾರು ಮಳೆ'ಯ ಪ್ರೀತಮ್ ಏನು ಕೆಲಸ ಮಾಡುತ್ತಾನೆ? ಏನೂ ಇಲ್ಲ. ನಮ್ಮ ಹಾನಗಲ್ ತಾಲೂಕಿನ ತಿಳವಳ್ಳಿಯಲ್ಲಿ ಬೆಳೆದ ಯೋಗರಾಜ ಭಟ್ಟರ ಈ ನಾಯಕ ಮಳೆಯಲ್ಲಿ ನೆನೆಯುತ್ತಾನೆ, ದೇವದಾಸನೆಂಬ ಮೊಲದ ಜೊತೆ ಮಾತನಾಡುತ್ತಾನೆ, ಮತ್ತೆ ನೆನೆಯುತ್ತಾನೆ. ಆದರೂ ಚಿತ್ರ ನನ್ನನ್ನು ಕೂರಿಸಿತು. ಕಾರಣ ಯೋಚಿಸಿದರೆ, ಆ ಚಿತ್ರ ಅವನ ಉಡಾಳತನವನ್ನು ಮುಚ್ಚಿಡುವುದಿಲ್ಲ. ಅವನ ಮಾತೇ ಅವನ ಕಸುಬು. ಕೆಲಸವಿಲ್ಲದವನಿಗೆ ಮಾತು ಹೇಗೆ ಬೆಳೆಯುತ್ತದೆ ಎಂಬುದು ನಮ್ಮ ಕಡೆಯ ಕಟ್ಟೆಗಳಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು, ಭಟ್ಟರಿಗೂ ಗೊತ್ತು. 2021ರಲ್ಲಿ ಮೊಬೈಲಿನಲ್ಲಿ ನೋಡಿದ 'ರತ್ನನ್ ಪ್ರಪಂಚ'ದ ಉಡಾಳ ಬಾಬುರಾವ್ ಕೂಡ ಇದೇ ಜಾತಿಯವನು. ಪ್ರಮೋದ್ ಆ ಪಾತ್ರದಲ್ಲಿ ನಮ್ಮ ಭಾಷೆ ಆಡಿದಾಗ ಮನೆಯವರೆಲ್ಲ ಮೊಬೈಲಿನ ಸುತ್ತ ಸೇರಿದರು. ಉತ್ತರ ಕರ್ನಾಟಕದ ಮಾತೆಂದರೆ ನಗಿಸಲಿಕ್ಕೆ ಎಂಬ ಹಳೆಯ ಚಟ ಅಲ್ಲಿಯೂ ಸ್ವಲ್ಪ ಇದೆ, ಆದರೆ ಆ ಹುಡುಗನಿಗೆ ಅಳುವ ಹಕ್ಕನ್ನೂ ಕೊಟ್ಟಿದ್ದಾರೆ.

'ಕೆ.ಜಿ.ಎಫ್.' ಬಗ್ಗೆ ಮೊಮ್ಮಗನಿಗೂ ನನಗೂ ಒಪ್ಪಂದವಿಲ್ಲ. ಚಿನ್ನದ ಗಣಿಯ ಮೇಲೆ ಎರಡು ಭಾಗಗಳ ಚಿತ್ರ ಮಾಡಿದ್ದಾರೆ, ತೆರೆಯ ತುಂಬ ಗುದ್ದಲಿ ಹಿಡಿದ ಜನ. ಅಷ್ಟು ಜನರಲ್ಲಿ ಒಬ್ಬನಾದರೂ ಹೇಗೆ ಅಗೆಯುತ್ತಾನೆ, ಅಗೆದ ಕಲ್ಲು ಎಲ್ಲಿಗೆ ಹೋಗುತ್ತದೆ, ಕಲ್ಲಿನಿಂದ ಚಿನ್ನ ಹೇಗೆ ಬಿಡಿಸುತ್ತಾರೆ ಎಂಬ ಕುತೂಹಲ ಕ್ಯಾಮೆರಾಕ್ಕೆ ಇಲ್ಲ. ನಿಜವಾದ ಕೋಲಾರದ ಗಣಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದು 2001ರಲ್ಲಿ ಮುಚ್ಚಿತು. ಅಲ್ಲಿ ನೆಲದಾಳಕ್ಕೆ ಇಳಿದವರ ಕೆಲಸದ ಒಂದು ದಿನವನ್ನು ತೋರಿಸಿದ್ದರೂ ನಾನು ಆ ಹೊಗೆಯನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆ. ಮೊಮ್ಮಗ ಹೇಳುವುದು, ಅಜ್ಜಾ, ಅದು ಸಾಕ್ಷ್ಯಚಿತ್ರ ಅಲ್ಲ. ಸರಿಯೇ. 2022ರ 'ಕಾಂತಾರ'ವೂ ಸಾಕ್ಷ್ಯಚಿತ್ರವಲ್ಲ, ಆದರೆ ಅಲ್ಲಿ ಕಿಶೋರ್ ಮಾಡಿದ ಅರಣ್ಯಾಧಿಕಾರಿ ತನ್ನ ಕೆಲಸವನ್ನು ಮಾಡುತ್ತಾನೆ, ಕಾಡನ್ನು ನೆಚ್ಚಿಕೊಂಡವರು ತಮ್ಮ ಬದುಕನ್ನು ಬದುಕುತ್ತಾರೆ, ಎರಡು ಹೊಟ್ಟೆಪಾಡುಗಳ ನಡುವೆ ಗಡಿಕಲ್ಲಿನ ಜಗಳ ಹುಟ್ಟುತ್ತದೆ. ದೈವ ಬರುವುದು ಅದರ ಮೇಲೆ. ಬುಡ ಗಟ್ಟಿಯಿದ್ದದ್ದರಿಂದಲೇ ಆ ಕೊನೆಯ ಆವೇಶವನ್ನು ಜನ ನಂಬಿದರು ಎಂಬುದು ನನ್ನ ಅಭಿಪ್ರಾಯ.

ಮಂಡ್ಯದ ಕಡೆಯ ಹಳ್ಳಿಯಲ್ಲಿ, ಅಲ್ಲಿನ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ರಾಮ್ ರೆಡ್ಡಿ ಮಾಡಿದ 'ತಿಥಿ'ಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಸೆಂಚುರಿ ಗೌಡ ಸತ್ತಿದ್ದಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ನಡುವಿನ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ. ಬದುಕಿರುವ ಅಪ್ಪನ ಮರಣಪತ್ರ ಮಾಡಿಸುವುದಕ್ಕೆ ತಮ್ಮಣ್ಣ ಪಡುವ ಪಾಡು, ಕೊಡುವ ಲಂಚ, ಎತ್ತುವ ಸಾಲ ಇವೆಲ್ಲ ಎಷ್ಟು ಕರಾರುವಾಕ್ಕಾಗಿವೆ ಎಂದರೆ ಚಿತ್ರ ಮುಗಿದ ಮೇಲೆ ಕೂತು ಅವನ ಜಮಾ ಖರ್ಚು ಬರೆಯಬಹುದು. ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂದಾಗ ಸ್ವಿಟ್ಜರ್ಲೆಂಡಿನವರಿಗೆ ತಿಥಿಯೂಟದ ಖರ್ಚಿನ ಪಟ್ಟಿ ಹೇಗೆ ಅರ್ಥವಾಯಿತೋ ಎಂದು ನಾವು ನಾವೇ ನಕ್ಕಿದ್ದೆವು.

ಇನ್ನು ಟಿ.ವಿ. ದೂರದರ್ಶನದ ಕಾಲದಲ್ಲಿ ಶಂಕರನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದರು. ಸ್ವಾಮಿಯ ತುಂಟತನವನ್ನು ಎಲ್ಲರೂ ನೆನೆಯುತ್ತಾರೆ. ನಾನು ನೆನೆಯುವುದು ಅಂಚೆಯವನ ಕಥೆಯನ್ನು. ಮದುವೆ ನಿಲ್ಲಬಾರದೆಂದು ಸಾವಿನ ಸುದ್ದಿಯ ಕಾಗದವನ್ನು ತನ್ನಲ್ಲೇ ಇಟ್ಟುಕೊಳ್ಳುವ ತಾಣಪ್ಪ, ತನ್ನ ಕೆಲಸದ ನಿಯಮವನ್ನು ಮುರಿಯುವುದೇ ಕಥೆ. ಕೆಲಸದ ಮೇಲೆ ಗೌರವ ಇದ್ದವನು ಮುರಿದರೆ ಮಾತ್ರ ಅದು ಕಥೆಯಾಗುತ್ತದೆ. ಸಿಹಿತಿಂಡಿ ಮಾರುವ ಜಗನ್ನನ ಪಾತ್ರವನ್ನು ಅನಂತನಾಗ್ ಮಾಡಿದ್ದರು. ಆರ್.ಕೆ. ನಾರಾಯಣರ ಮೂಲ ಕಾದಂಬರಿಯಲ್ಲಿ ಈ ಜಗನ್ ಗೀತೆಯನ್ನೂ ಓದುತ್ತಾನೆ, ಸಂಜೆ ಆರರ ನಂತರದ ವ್ಯಾಪಾರದ ದುಡ್ಡನ್ನು ಲೆಕ್ಕಕ್ಕೆ ಸೇರಿಸದೆ ಬೇರೆ ಇಡುತ್ತಾನೆ. ಅಂಥವರ ಅಂಗಡಿಯಲ್ಲಿ ಲೆಕ್ಕ ಬರೆದವರು ಈ ಸಭೆಯಲ್ಲಿಯೂ ಇದ್ದಾರೆ, ಹೆಸರು ಹೇಳುವುದಿಲ್ಲ.

ನನ್ನ ಪ್ರಕಾರ ಕನ್ನಡ ಧಾರಾವಾಹಿಗಳಲ್ಲಿ ತೂಕದ್ದು, ಈಟಿವಿ ಕನ್ನಡದಲ್ಲಿ ಬಂದ, ಭೈರಪ್ಪನವರ ಕಾದಂಬರಿ ಆಧರಿಸಿ ಕಾಸರವಳ್ಳಿ ಮಾಡಿದ 'ಗೃಹಭಂಗ'. ನಂಜಮ್ಮನಾಗಿ ಮಾಳವಿಕಾ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು ನಂಜಮ್ಮ. ಊಟಕ್ಕಿಲ್ಲದಾಗ ಮುತ್ತುಗದ ಎಲೆ ಹಚ್ಚಿ ಮಾರುವವಳೂ ಅವಳೇ. ಆ ಮನೆಯಲ್ಲಿ ಪ್ರತಿ ತುತ್ತಿನ ಹಿಂದೆ ಯಾರ ದುಡಿಮೆ ಇದೆಯೆಂದು ನೋಡುವವರಿಗೆ ಗೊತ್ತಿತ್ತು, ಆದ್ದರಿಂದಲೇ ಚೆನ್ನಿಗರಾಯ ತಟ್ಟೆಯ ಮುಂದೆ ಕೂತಾಗ ನಮ್ಮ ಮನೆಯ ಹೆಂಗಸರು ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ'ದಿಂದ 'ಮಗಳು ಜಾನಕಿ'ಯವರೆಗಿನ ಧಾರಾವಾಹಿಗಳಲ್ಲಿಯೂ ಕೋರ್ಟು, ಕಚೇರಿ, ಪರೀಕ್ಷೆ, ನೌಕರಿ ಇವು ಕಥೆಯನ್ನು ನಡೆಸುತ್ತಿದ್ದವು. ಸ್ವತಃ ವಕೀಲಿಕೆ ಬಲ್ಲವರಾದ್ದರಿಂದ ಅವರ ಕೋರ್ಟಿನ ದೃಶ್ಯಗಳಲ್ಲಿ ಸಾಕ್ಷಿಗೆ ಪ್ರಶ್ನೆ ಕೇಳುವ ವರಸೆ ಇರುತ್ತಿತ್ತು. ಮಾತು ಕೆಲವೊಮ್ಮೆ ಅತಿಯಾಗುತ್ತಿತ್ತು ಎಂಬುದೂ ನಿಜ.

ಈಗಿನ ಧಾರಾವಾಹಿಗಳಲ್ಲಿ ಎಲ್ಲರಿಗೂ ಒಂದು 'ಕಂಪನಿ' ಇದೆ. ಆ ಕಂಪನಿ ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ ಎಂದು ನೂರಾರು ಕಂತು ಕಳೆದರೂ ತಿಳಿಯುವುದಿಲ್ಲ. ಕಚೇರಿಯ ದೃಶ್ಯವೆಂದರೆ ಕೋಟು ಹಾಕಿದವನೊಬ್ಬ ಒಂದು ಫೈಲನ್ನು ತೆರೆದು, ನೋಡದೆ, ಮುಚ್ಚುವುದು. ಹೆಂಗಸರು ಮಲಗುವಾಗಲೂ ರೇಷ್ಮೆ ಸೀರೆ ಬಿಚ್ಚುವುದಿಲ್ಲ. ಇವನ್ನೆಲ್ಲ ಬೇರೆಯವರೂ ಹೇಳಿದ್ದಾರೆ, ಬಿಡಿ. ನನಗೆ ನಿದ್ದೆ ಕೆಡಿಸುವುದು ಆಸ್ತಿಪತ್ರದ ದೃಶ್ಯ. ಮನೆಯ ಹಿರಿಯನ ಮುಂದೆ ಯಾರೋ ಒಂದು ಕಾಗದ ಹಿಡಿಯುತ್ತಾರೆ, ಆತ ಓದದೆ ಸಹಿ ಹಾಕುತ್ತಾನೆ, ಮರುಕ್ಷಣ ಬಂಗಲೆ, ಕಂಪನಿ, ತೋಟ ಎಲ್ಲ ಸೊಸೆಯದ್ದೋ ಮೈದುನನದ್ದೋ ಆಗಿಬಿಡುತ್ತದೆ. ಛಾಪಾ ಕಾಗದವಿಲ್ಲ, ಸಾಕ್ಷಿಗಳಿಲ್ಲ, ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಿದ್ದಿಲ್ಲ, ಹೆಬ್ಬೆಟ್ಟು ಫೋಟೋ ಯಾವುದೂ ಇಲ್ಲ. ನಮ್ಮ ಕಡೆ ಒಂದು ಗುಂಟೆ ಜಾಗ ವಾಟ್ನಿ, ಅಂದರೆ ಪಾಲು, ಆಗಬೇಕಾದರೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಉತಾರ (ಪಹಣಿ ಪತ್ರ) ಹಿಡಿದು ತಹಶೀಲ್ದಾರರ ಕಚೇರಿಗೆ ಅಲೆಯುತ್ತಾರೆ. ಆ ಅಲೆದಾಟದಲ್ಲಿ ಜಗಳ, ರಾಜಿ, ಕಣ್ಣೀರು, ನಗೆ ಎಲ್ಲವೂ ಇದೆ, ಧಾರಾವಾಹಿಗೆ ಬೇಕಾದದ್ದೆಲ್ಲ ಇದೆ. ಬರೆಯುವವರು ಒಂದು ದಿನ ಅಂಥ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತರೆ ಒಂದು ವರ್ಷದ ಕಂತುಗಳು ಸಿಕ್ಕಾವು.

'ಬಿಗ್ ಬಾಸ್' ನೋಡುತ್ತೀರಾ ಎಂದು ಮುಂದಿನ ಸಾಲಿನಿಂದ ಸನ್ನೆ ಬಂತು. ನೋಡುತ್ತೇನೆ. ಕೆಲಸವಿಲ್ಲದ ಜನರನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಕೆಲಸದ ಬದಲು 'ಟಾಸ್ಕ್' ಕೊಟ್ಟು, ಅವರು ಜಗಳವಾಡುವುದನ್ನು ತೋರಿಸುವ ಕಾರ್ಯಕ್ರಮ ಅದು. 2025ರ ಜನವರಿಯಲ್ಲಿ ಹನ್ನೊಂದನೆಯ ಆವೃತ್ತಿಯನ್ನು ಗೆದ್ದವರು ನಮ್ಮ ಸವಣೂರು ತಾಲೂಕಿನ ಹನುಮಂತ, ಕುರಿ ಕಾಯುತ್ತಿದ್ದವರು, ಹಿಂದೆ 'ಸರಿಗಮಪ' ವೇದಿಕೆಯಲ್ಲಿ ಹಾಡಿ ಹೆಸರಾದವರು. ನಡುವೆ ಬಂದು ಸೇರಿಯೂ ಗೆದ್ದರು. ಅವರ ಸರಳತೆಯನ್ನು ಜನ ಮೆಚ್ಚಿದರು ಎಂಬುದು ಎಲ್ಲರ ಮಾತು. ನನಗೆ ತೋರುವುದು ಬೇರೆ. ಆ ಮನೆಯಲ್ಲಿ ಸುಮ್ಮನೆ ಕೂತು ಹೊತ್ತು ಕಳೆಯಲು ಬೇಸರವಿಲ್ಲದವರು ಅವರೊಬ್ಬರೇ. ದಿನವಿಡೀ ಕುರಿಯ ಹಿಂದೆ ಅಡ್ಡಾಡಿ ಒಂಟಿತನವನ್ನು ಕಸುಬಾಗಿ ಕಲಿತವರಿಗೆ ಉಳಿದವರ ಗದ್ದಲ ಯಾವ ಲೆಕ್ಕ?

ನಮ್ಮ ಪೇಟೆಯ ಬಗ್ಗೆಯೂ ಒಂದು ಚಿತ್ರ ಬರಲೆಂದು ಆಸೆಯಿದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಬಣ್ಣದ ಸಾರವನ್ನು ತುಟಿಯ ಬಣ್ಣಕ್ಕೂ ಉಗುರಿನ ಬಣ್ಣಕ್ಕೂ ಬಳಸುತ್ತಾರೆ. ಹಾಗಾಗಿ ನಟಿಯರ ಮುಖಾಂತರ ನಾವು ಎಂದೋ ತೆರೆಗೆ ಬಂದಾಗಿದೆ ಎನ್ನಬಹುದು. ಆದರೆ ಘಾಟಿನ ನಡುವೆ ಕೂತು ಇಡೀ ದಿನ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಟೆಂಡರಿನ ದಿನ ದರ ಕೇಳಿ ಚೀಲದ ಮೇಲೇ ಕುಸಿದು ಕೂರುವ ರೈತ, ಇವರನ್ನು ನಾನು ಯಾವ ಚಿತ್ರದಲ್ಲಿಯೂ ನೋಡಿಲ್ಲ.

ಮಾತು ಮುಗಿದ ಮೇಲೆ ಶಿಕ್ಷಕಿಯೊಬ್ಬರು ಎದ್ದು ಕೇಳಿದರು: "ನಿಮ್ಮ ಅಳತೆಗೋಲಿನಲ್ಲಿ ಅಡುಗೆಮನೆಯ ಕೆಲಸ ಬರುತ್ತದೆಯೇ, ಅಥವಾ ದುಡ್ಡು ಬರುವ ಕೆಲಸ ಮಾತ್ರವೇ?"

ಬರುತ್ತದೆ ಎಂದೆ. ನಂಜಮ್ಮನ ಮಾತು ಹೇಳಿದ್ದು ಅದಕ್ಕಾಗಿಯೇ. ಧಾರಾವಾಹಿಗಳ ಅಡುಗೆಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. ಸೊಸೆ ಒಂದೇ ಕ್ಯಾರೆಟ್ಟನ್ನು ವಾರವಿಡೀ ಹೆಚ್ಚುತ್ತಾಳೆ. ರೊಟ್ಟಿ ಬಡಿಯುವ ದೃಶ್ಯವಿದ್ದರೆ ಹಿಟ್ಟು ನಟಿಯ ಬೆರಳಿಗೆ ಅಂಟುವುದೇ ಇಲ್ಲ. ಅಡುಗೆಯನ್ನು ದುಡಿಮೆಯೆಂದು ಗಂಟೆಗಟ್ಟಲೆ ನೋಡುವಂತೆ ಮಾಡಿದ ಚಿತ್ರವೆಂದರೆ ಮಲಯಾಳದ, 2021ರ 'ದಿ ಗ್ರೇಟ್ ಇಂಡಿಯನ್ ಕಿಚನ್'. ಹೆಚ್ಚುವುದು, ರುಬ್ಬುವುದು, ಬಡಿಸುವುದು, ಎಂಜಲು ಬಳಿಯುವುದು, ಮತ್ತೆ ಹೆಚ್ಚುವುದು. ಸಿಂಕಿನ ಕೊಳವೆ ಸೋರುತ್ತದೆ, ಪ್ಲಂಬರನನ್ನು ಕರೆಸಲು ಗಂಡನಿಗೆ ನೆನಪಾಗುವುದಿಲ್ಲ, ಅವಳು ಕೆಳಗೆ ಪಾತ್ರೆಯಿಟ್ಟು ಆ ಕೊಳಕು ನೀರನ್ನು ದಿನವೂ ಚೆಲ್ಲುತ್ತಾಳೆ. ಕೊನೆಗೆ ಅದೇ ನೀರನ್ನು ಗಂಡ ಮತ್ತು ಮಾವನ ಮೇಲೆ ಎರಚಿ ಹೊರಟುಹೋಗುತ್ತಾಳೆ. ನನ್ನ ದೃಷ್ಟಿಯಲ್ಲಿ ಚಿತ್ರ ಅಲ್ಲಿಗೆ ಮುಗಿಯಬೇಕಿತ್ತು. ಆಮೇಲೆ ಅವಳು ನೃತ್ಯ ಕಲಿಸುತ್ತಿರುವುದನ್ನು ತೋರಿಸಿದ್ದು ಹೆಚ್ಚಾಯಿತು ಎಂದೆ.

ಶಿಕ್ಷಕಿ ಒಪ್ಪಲಿಲ್ಲ. ಇಷ್ಟು ಹೊತ್ತು ನೀವು ಎಲ್ಲರ ಹೊಟ್ಟೆಪಾಡು ಕೇಳಿದಿರಿ, ಆ ಮನೆ ಬಿಟ್ಟ ಮೇಲೆ ಅವಳ ಹೊಟ್ಟೆಪಾಡು ಏನೆಂದು ಚಿತ್ರ ತೋರಿಸಿದರೆ ಬೇಡವೆನ್ನುತ್ತೀರಿ, ಕಲಿಸುವುದೂ ಸಂಬಳದ ಕೆಲಸವಲ್ಲವೇ ಎಂದರು. ಸಭೆ ಅವರ ಕಡೆಗೇ ವಾಲಿತು. ಕೆಲಸ ತೋರಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ, ಅಡುಗೆಮನೆಯನ್ನು ಅಷ್ಟು ಸಾವಧಾನದಿಂದ ನೋಡಿದ ಕ್ಯಾಮೆರಾ ಆ ನೃತ್ಯದ ತಾಲೀಮನ್ನು ಹಾಗೆ ನೋಡಲಿಲ್ಲ ಎಂಬುದಷ್ಟೇ ನನ್ನ ತಕರಾರು ಎಂದು ಹೇಳಿದೆ. ಅಷ್ಟರಲ್ಲಿ ಚಹಾ ಬಂತು. ಅವರು ಇನ್ನೂ ಒಪ್ಪಿಲ್ಲ.